ಅಪ್‌ಡೇಟ್: ಕೊನೆಗೂ ಗಾಳಕ್ಕೆ ಮಲೆಟ್ ಬಿತ್ತು!

ಹೋದ ತಿಂಗಳು ಕೇಳಿದ್ದೆ: ಕಾರವಾರದಲ್ಲಿ, ಕಾಳಿ ನದಿ ಸಮುದ್ರ ಸೇರುವ ಕಡೆ ಮಲೆಟ್ ಮೀನು ಕಣ್ಣೆದುರೇ ನೆಗೆಯುತ್ತವೆ. ಸಿಗಡಿ ಚುಚ್ಚಿ ಗಾಳ ಹಾಕಿದರೆ ಮೂಸಿಯೂ ನೋಡಲ್ಲ, ಯಾಕೆ? ನಿಮ್ಮಲ್ಲಿ ಹೆಚ್ಚಿನವರು ಹೇಳಿದ್ದು ಒಂದೇ: ಗಾಳ ಚಿಕ್ಕದು ಮಾಡಿ, ಬ್ರೆಡ್ ಹಾಕಿ.

ಅದೇ ಸರಿ. ಈ ಮೀನು ತಿನ್ನುವುದು ಜಾಸ್ತಿ ಪಾಚಿ, ಕೆಸರಿನಲ್ಲಿರುವ ಸಣ್ಣಪುಟ್ಟ ಚೂರು. ಅದನ್ನು ಅರೆಯೋದಕ್ಕೆ ಕೋಳಿಯ ಕಂದನಕಾಯಿ ತರಹ ಗಟ್ಟಿ ಹೊಟ್ಟೆ ಇರುತ್ತೆ. ಬಾಯಿ ಮಾತ್ರ ತೀರಾ ಚಿಕ್ಕದು.

ಬೆಂಗಳೂರಲ್ಲೇ ತಯಾರಿ ಮಾಡಿಕೊಂಡೆ. ನಮ್ಮ ಬೀದಿಯ ಅಯ್ಯಂಗಾರ್ ಬೇಕರಿ ಬ್ರೆಡ್, 10ನೇ ನಂಬರ್ ಗಾಳ, ತೆಳು ತಂಗೂಸಿ (ಗಾಳ ಕಟ್ಟುವ ನೈಲಾನ್ ದಾರ), ಪುಟ್ಟ ಬೆಂಡು. ರಾತ್ರಿ ರೈಲು ಹತ್ತಿದೆ.

ಬೆಳಗ್ಗೆ ಉಬ್ಬರ ಏರುವಾಗ ನೆನೆಸಿದ ಬ್ರೆಡ್ಡನ್ನು ಹಿಡಿ ಹಿಡಿಯಾಗಿ ನೀರಿಗೆ ಹಾಕುತ್ತಾ ಕೂತೆ. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ನೀರಿನ ಮೇಲೆ ಸಣ್ಣ ಸಣ್ಣ ತುಟಿಗಳು! ಕಡಲೆ ಕಾಳಿನಷ್ಟು ಬ್ರೆಡ್ ಉಂಡೆ ಚುಚ್ಚಿ ಬಿಟ್ಟೆ. ಬೆಂಡು ಮುಳುಗಲಿಲ್ಲ, ಸುಮ್ನೆ ಪಕ್ಕಕ್ಕೆ ಸರಿಯಿತು. ಅದೇ ಗುರುತು. ಮೊದಲನೆಯದನ್ನು ಜೋರಾಗಿ ಎಳೆದೆ, ತುಟಿ ಹರಿದುಕೊಂಡು ಹೋಯಿತು. ತುಂಬಾ ಬೇಜಾರಾಯಿತು, ಮೀನಿಗೂ ನೋವು ಅಲ್ವಾ? ಎರಡನೆಯದಕ್ಕೆ ರೀಲು ಸಡಿಲ ಬಿಟ್ಟೆ, ಅದು ಮೂರು ಸಲ ಓಡಿತು. ದಣಿದ ಮೇಲೆ ಕೈಬಲೆಯಲ್ಲಿ ಎತ್ತಿದೆ. ಬೆಳ್ಳಿ ಹುರುಪೆ, ಚಪ್ಪಟೆ ತಲೆ, ಮೊಣಕೈಯಷ್ಟು ಉದ್ದ.

ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದ ಅಜ್ಜ, ‘ಶೆವ್ಟೆ, ಒಳ್ಳೇದು ಸಿಕ್ತು ಮಾರಾಯ’ ಅಂದರು. ಮಲೆಟ್‌ಗೆ ಅಲ್ಲಿ ಶೆವ್ಟೆ ಅಂತಾರೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.