ಉಬ್ಬಸಕ್ಕೆ ನೀರೇ ಮದ್ದಾ?

ಗಾಳಿಪಟ: ದಿನಾ ನಾಲ್ಕು ಲೀಟರ್ ನೀರು ಕುಡಿದರೆ ಇನ್ಹೇಲರ್ ಬಿಡಬಹುದು ಅಂತ ವಾಟ್ಸಾಪ್‌ನಲ್ಲಿ ಓಡಾಡ್ತಿದೆ. ಇದರಲ್ಲಿ ಎಷ್ಟು ಹುರುಳಿದೆ?

ತುಂತುರು: ಇನ್ಹೇಲರ್ ಬಿಡೋ ಮಾತಂತೂ ಶುದ್ಧ ಅಪಾಯ. ಉಬ್ಬಸದಲ್ಲಿ ಶ್ವಾಸನಾಳ ಊದಿಕೊಂಡು, ಸುತ್ತಲಿನ ಸ್ನಾಯು ಬಿಗಿಯುತ್ತೆ; ನೀರು ಅದನ್ನು ಸಡಿಲಿಸಲ್ಲ. ಮೈಯಲ್ಲಿ ನೀರು ಕಮ್ಮಿಯಾದಾಗ ಕಫ ಗೋಂದಿನ ಹಾಗೆ ಅಂಟಿಕೊಂಡು ಕೆಮ್ಮಿದರೂ ಬರದೇ ಇರಬಹುದು, ಅಷ್ಟರ ಮಟ್ಟಿಗೆ ನೀರು ಬೇಕು. ಕೊರತೆ ನೀಗಿದ ಮೇಲೆ ಇನ್ನೆರಡು ಲೀಟರ್ ಸುರಿದುಕೊಂಡರೂ ಕಫ ಮತ್ತಷ್ಟು ತೆಳುವಾಗಲ್ಲ. ಮೂತ್ರ ತಿಳಿ ಹಳದಿ ಇದ್ದರೆ ಸಾಕು. ಹೃದಯ, ಕಿಡ್ನಿ ತೊಂದರೆ ಇರುವವರು ವೈದ್ಯರು ಹೇಳಿದ ಅಳತೆ ಮೀರಬಾರದು.

ಹಿತ್ತಲಗಿಡ: ಓಡುವಾಗ ಉಬ್ಬಸ ಬರೋದಕ್ಕೂ ನೀರಿಗೂ ಒಂದು ನಂಟಿದೆ. ಬಾಯಲ್ಲಿ ಜೋರಾಗಿ ಉಸಿರಾಡಿದರೆ ಒಣಗಾಳಿ ನಾಳದ ಒಳಪದರದ ತೇವ ಹೀರುತ್ತೆ, ನಾಳ ಬಿಗಿಯುತ್ತೆ. ಚಳಿಗಾಲದ ಬೆಳಗ್ಗೆ ಇದು ಜಾಸ್ತಿ. ಓಡುವ ಮುಂಚೆ 10–15 ನಿಮಿಷ ನಿಧಾನವಾಗಿ ಮೈ ಬಿಸಿ ಮಾಡಿಕೊಳ್ಳಿ, ಮೂಗು-ಬಾಯಿಗೆ ಬಟ್ಟೆ ಸುತ್ತಿಕೊಳ್ಳಿ.

ತುಂತುರು: ನೀರಿನ ನಿಜವಾದ ಕೆಲಸ ಇನ್ನೊಂದು ಕಡೆ ಇದೆ, ಅದನ್ನೇ ಎಲ್ಲರೂ ಮರೀತಾರೆ. ನಾಳದ ಊತ ಇಳಿಸುವ ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಇನ್ಹೇಲರ್ ಎಳೆದ ಕೂಡಲೇ ಬಾಯಿ ಮುಕ್ಕಳಿಸಿ, ಗಂಟಲಲ್ಲಿ ಗಳಗಳ ಮಾಡಿ ಉಗುಳಿ, ನುಂಗಬೇಡಿ. ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಶಿಲೀಂಧ್ರ ಕಟ್ಟಬಹುದು, ದನಿಯೂ ಒಡೆಯಬಹುದು.

ಹಿತ್ತಲಗಿಡ: ಮಾತಾಡಲೂ ಆಗದಷ್ಟು ಏದುಸಿರು, ತುಟಿ ನೀಲಿ ಅಂದರೆ ನೀರಿನ ಲೋಟ ಪಕ್ಕಕ್ಕಿಟ್ಟು ಬಿಗಿದ ನಾಳವನ್ನು ಬೇಗ ಸಡಿಲಿಸುವ ರಿಲೀವರ್ ಇನ್ಹೇಲರ್ ಕೊಡಿ, 108ಕ್ಕೆ ಫೋನ್ ಮಾಡಿ.