ಅಪ್‌ಡೇಟ್: ಹಳೆಯ ಬ್ಯಾಕಪ್ ವಾಪಸ್ ಬಂತು, ಹೊಸ ಫೈಲ್‌ಗಳಿಗೆ ಏನೂ ಆಗಿಲ್ಲ

ಈಗಾಗಲೇ ಫೈಲ್‌ಗಳಿರುವ ಫೋಲ್ಡರಿಗೆ ಹಳೆಯ ಟಾರ್ ಆರ್ಕೈವ್ (ಹಲವು ಫೈಲ್‌ಗಳನ್ನು ಒಂದೇ ಫೈಲಾಗಿ ಕಟ್ಟಿಟ್ಟ ಗಂಟು) ಬಿಚ್ಚಿದರೆ ಇರುವುದು ಹಾಳಾಗುತ್ತಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್, ಕೆಲಸ ಆಯ್ತು.

ನೀವು ಹೇಳಿದ್ದು ನಿಜ: ಸುಮ್ಮನೆ ಬಿಚ್ಚಿದರೆ ಜಿಎನ್‌ಯು ಟಾರ್ (ಆ ಗಂಟು ಕಟ್ಟುವ, ಬಿಚ್ಚುವ ಕಮಾಂಡ್) ಒಂದು ಮಾತೂ ಕೇಳದೆ ಅದೇ ಹೆಸರಿನ ಫೈಲ್ ಮೇಲೆ ಬರೆದುಬಿಡುತ್ತೆ. 'ಕೀಪ್-ಓಲ್ಡ್-ಫೈಲ್ಸ್' ಆಯ್ಕೆ ಕೊಟ್ಟರೆ ಇರುವುದನ್ನು ಮುಟ್ಟದೆ ಎರರ್ ತೋರಿಸುತ್ತೆ, 'ಸ್ಕಿಪ್-ಓಲ್ಡ್-ಫೈಲ್ಸ್' ಆದರೆ ಸದ್ದಿಲ್ಲದೆ ದಾಟಿಹೋಗುತ್ತೆ. (ಗಲಾಟೆ ಮಾಡುವುದೇ ವಾಸಿ ಅನ್ನಿಸಿತು.)

ಆದರೂ ನಾನು ಹಿಡಿದದ್ದು ಇನ್ನೊಂದು ದಾರಿ. ಆರ್ಕೈವನ್ನು ಬೇರೆ ಖಾಲಿ ಫೋಲ್ಡರಿಗೆ ಬಿಚ್ಚಿ, ಅಲ್ಲಿಂದ ಫೈಲ್ ನಕಲು ಮಾಡುವ ಆರ್‌ಸಿಂಕ್ ಕಮಾಂಡ್‌ನಲ್ಲಿ 'ಇಗ್ನೋರ್-ಎಕ್ಸಿಸ್ಟಿಂಗ್' (ಈಗಾಗಲೇ ಇರುವುದನ್ನು ಬಿಟ್ಟುಬಿಡು) ಆಯ್ಕೆ ಹಾಕಿ ನನ್ನ ಫೋಲ್ಡರಿಗೆ ಸೇರಿಸಿದೆ. ಮೊದಲು 'ಡ್ರೈ-ರನ್' (ಏನೂ ನಕಲು ಮಾಡದೆ, ಏನಾಗುತ್ತೆ ಅಂತ ಮಾತ್ರ ತೋರಿಸುವುದು) ಮಾಡಿ ಪಟ್ಟಿ ನೋಡಿಕೊಂಡೆ. ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಓರೆಗೆರೆ (/) ಇಲ್ಲದಿದ್ದರೆ ಒಳಗಿನ ಫೈಲ್‌ಗಳ ಬದಲು ಇಡೀ ಫೋಲ್ಡರೇ ಹೋಗಿ ಕೂರುತ್ತೆ, ಅದು ಆ ಪಟ್ಟಿಯಲ್ಲೇ ಗೊತ್ತಾಗುತ್ತೆ. 'ಡಿಲೀಟ್' ಆಯ್ಕೆಯ ತಂಟೆಗೇ ಹೋಗಲಿಲ್ಲ. ಮೂಲದಲ್ಲಿ ಇಲ್ಲದ್ದನ್ನೆಲ್ಲ ಅದು ಗುಡಿಸಿಹಾಕುತ್ತೆ, ಅಂದರೆ ನನ್ನ ಹೊಸ ಫೈಲ್‌ಗಳನ್ನೇ.

ಒಂದು ವಿಷಯ ಯಾರೂ ಹೇಳಿರಲಿಲ್ಲ. 'ಇಗ್ನೋರ್-ಎಕ್ಸಿಸ್ಟಿಂಗ್' ಆ ಹೆಸರಿನ ಫೈಲ್ ಇದೆಯಾ ಅಂತ ಮಾತ್ರ ನೋಡುತ್ತೆ, ತಾರೀಕಾಗಲಿ ಒಳಗಿರುವುದಾಗಲಿ ಅದಕ್ಕೆ ಬೇಕಿಲ್ಲ. ಹೆಸರು ಒಂದೇ ಇದ್ದು ಒಳಗಿನದು ಬೇರೆಯಾದವನ್ನು ಫೈಲ್‌ಗಳನ್ನು ಹೋಲಿಸುವ 'ಡಿಫ್' ಕಮಾಂಡ್‌ನಿಂದ ಹೆಕ್ಕಿ, ಕೈಯಾರೆ ನೋಡುತ್ತಿದ್ದೇನೆ. ಅದು ಮುಗಿಯುವವರೆಗೆ ಆರ್ಕೈವ್ ಅಳಿಸಲ್ಲ.