1:24 ಬೋಟರ್ ದೋಣಿ: ಮೂತಿಯ ಹತ್ತಿರ ಹಲಗೆ ಮೇಲೇಳುತ್ತಿದೆ

ಹಾಯಿಪಟ:
ನೆದರ್ಲೆಂಡ್ಸ್‌ನ ಹಳೆಯ ಒಳಸಮುದ್ರ ಝೈಡರ್‌ಝೇಯ ಮೀನುಗಾರಿಕೆ ದೋಣಿ ಬೋಟರ್‌ನ ಮಾದರಿ, ಅಳತೆ 1:24, ಒಡಲಿನ ಉದ್ದ 56 ಸೆಂ.ಮೀ. ಅಡ್ಡಗೋಡೆಗಳ (ಒಡಲಿನ ಆಕಾರಕ್ಕೆ ಕತ್ತರಿಸಿದ ಅಡ್ಡ ತುಂಡುಗಳ) ಮೇಲೆ ಹಲಗೆ ಹೊದಿಸುವ ವಿಧಾನ. ಮೊದಲ ಪದರ 5 × 1.5 ಮಿ.ಮೀ. ಲೈಮ್‌ವುಡ್ ಪಟ್ಟಿ, ಅದರ ಮೇಲೆ ಎರಡನೇ ಪದರ ಬರಬೇಕು. ತಳದ ಅಂಚಿನಿಂದ ಶುರು ಮಾಡಿ ಎಡಗಡೆ ಐದು ಪಟ್ಟಿ ಅಂಟಿಸಿದ್ದೇನೆ, ಬಲಗಡೆ ಎರಡು.

ಮೂರನೇ ಪಟ್ಟಿಯಿಂದ ಮುಂದೆ ಮೂತಿಯ ತಿರುವಿನಲ್ಲಿ ಕೆಳ ಅಂಚು ಮೇಲೆದ್ದು ಮೆಟ್ಟಿಲಿನ ಹಾಗೆ ಕಾಣುತ್ತಿದೆ. ಅರ್ಧ ಗಂಟೆ ಬಿಸಿನೀರಲ್ಲಿ ನೆನೆಸಿ, ಒದ್ದೆ ಇರುವಾಗಲೇ ಅಂಟಿಸಿ, ಪಿನ್ ಹೊಡೆದೆ. ಒಣಗಿದ ಮೇಲೆ ಪಟ್ಟಿಗಳ ನಡುವೆ ಸಂದು ಬಿಟ್ಟಿದೆ. ಮೇಲಿಂದ ನೋಡಿದರೆ ಕೀಲ್, ಅಂದರೆ ಅಡ್ಡಗೋಡೆಗಳು ಕೂರುವ ನಡುವಿನ ಬೆನ್ನುಹಲಗೆ ಕೂಡ 2 ಮಿ.ಮೀ.ನಷ್ಟು ಬಾಗಿದ ಹಾಗಿದೆ. ನೀರಿಗೆ ಅಮೋನಿಯಾ ಹಾಕಿದರೆ ಮರ ಚೆನ್ನಾಗಿ ಬಾಗುತ್ತದೆ ಅಂತಾರಲ್ಲ, ನಿಜವೇ? ಪುಟ್ಟಿ ಮೆತ್ತಿ ಮುಂದುವರಿಯಲೋ, ಕಿತ್ತು ಹಾಕಲೋ?

ಉಳಿಬಾಚಿ:
ಕಿತ್ತುಬಿಡಿ. ಏಳು ಪಟ್ಟಿ ಕಿತ್ತರೆ ಒಂದು ಸಂಜೆ ಹೋಗುತ್ತೆ, ಪುಟ್ಟಿಯ ಮೇಲೆ ಎರಡನೇ ಪದರ ಕೂರಿಸಲು ಹೋದರೆ ತಿಂಗಳು ಹೋಗುತ್ತೆ.

ಪಟ್ಟಿ ಮೇಲೇಳೋದಕ್ಕೆ ನೆನೆಸಿದ್ದು ಸಾಲದೆ ಹೋಗಿದ್ದು ಕಾರಣವಲ್ಲ. 1.5 ಮಿ.ಮೀ. ದಪ್ಪಕ್ಕೆ ಅರ್ಧ ಗಂಟೆ ಧಾರಾಳ. ಪಟ್ಟಿ ದಪ್ಪದ ದಿಕ್ಕಿಗೆ ಬಾಗುತ್ತೆ, ಅಗಲದ ದಿಕ್ಕಿಗೆ ಬಾಗಲ್ಲ. ಬೋಟರ್‌ನ ಮೂತಿ ದುಂಡಗೂ ಇದೆ, ಎತ್ತರಕ್ಕೂ ಏರುತ್ತೆ. ಅಲ್ಲಿ ಪಟ್ಟಿ ಒಳಕ್ಕೂ ಮೇಲಕ್ಕೂ ಒಟ್ಟಿಗೆ ತಿರುಗಬೇಕು. ನೇರ ಪಟ್ಟಿಯನ್ನು ಒತ್ತಾಯದಿಂದ ಮೇಲಕ್ಕೆ ತಿರುಗಿಸಿದರೆ ಒಂದು ಅಂಚು ಅಡ್ಡಗೋಡೆಗೆ ಕೂರುತ್ತೆ, ಇನ್ನೊಂದು ಎದ್ದು ನಿಲ್ಲುತ್ತೆ. ಪಿನ್ ಎಷ್ಟೇ ಹೊಡೆದರೂ ಅಷ್ಟೇ.

ಚೂಪು ಮೂತಿಯ ಹಡಗಿಗೆ ಹೇಳುವ "ಮುಂದಕ್ಕೆ ಹೋದಂತೆ ಪಟ್ಟಿಯನ್ನು ಅರ್ಧಕ್ಕೆ ಸಣ್ಣ ಮಾಡು" ಅನ್ನೋ ಸೂತ್ರವನ್ನು ಇಲ್ಲಿ ಕಣ್ಣು ಮುಚ್ಚಿ ಹಾಕಬೇಡಿ. ಬೋಟರ್ ಮೂತಿಯಲ್ಲಿ ಎತ್ತರ ಇರೋದರಿಂದ ಪಟ್ಟಿ ಅಷ್ಟೊಂದು ಸಣ್ಣದಾಗಬೇಕಿಲ್ಲ. ಪ್ರತಿ ಅಡ್ಡಗೋಡೆಯ ಮೇಲೂ ತಳದ ಅಂಚಿನಿಂದ ವೇಲ್‌ವರೆಗೆ, ಅಂದರೆ ಒಡಲಿನ ಸುತ್ತ ಹೋಗುವ ದಪ್ಪ ಪಟ್ಟಿಯವರೆಗೆ, ಕಾಗದದ ಚೂರಿನಿಂದ ಅಳೆಯಿರಿ. ನಡುವಲ್ಲಿ 60 ಮಿ.ಮೀ. ಬಂದರೆ 12 ಪಟ್ಟಿ, ತಲಾ 5. ಮುಂದೆ 48 ಬಂದರೆ ಅದೇ 12 ಪಟ್ಟಿ, ತಲಾ 4. ಪ್ರತಿ ಗೋಡೆಯ ಅಂಚಿನಲ್ಲೂ ಈ ಗುರುತು ಪೆನ್ಸಿಲ್‌ನಲ್ಲಿ ಹಾಕಿದ ಮೇಲೆಯೇ ಅಂಟಿನ ಡಬ್ಬಿ ತೆಗೆಯಿರಿ.

ಅದಕ್ಕೂ ಮೊದಲು ಮೂತಿಯ ತುದಿಕಂಬಕ್ಕೂ ಮೊದಲ ಎರಡು ಗೋಡೆಗಳಿಗೂ ನಡುವಿನ ಖಾಲಿ ಜಾಗಕ್ಕೆ ಬಾಲ್ಸಾ ಅನ್ನೋ ಹಗುರ ಮರದ ತುಂಡು ತುಂಬಿ, ಅರದಿಂದ ಆಕಾರಕ್ಕೆ ತನ್ನಿ. ಅಷ್ಟು ದುಂಡು ತಿರುವಿಗೆ ಬರೀ ಎರಡು ಗೋಡೆ ಆಧಾರವಾದರೆ ನಡುವೆ ಹಲಗೆ ಚಪ್ಪಟೆಯಾಗಿಬಿಡುತ್ತೆ. ಆಮೇಲೆ ಒಂದು ತೆಳು ಪಟ್ಟಿಯನ್ನು ಬೆರಳಲ್ಲೇ ಒತ್ತಿ ಮೂತಿಯಿಂದ ಹಿಂಬದಿಯವರೆಗೆ ಓಡಿಸಿ ನೋಡಿ. ಎಲ್ಲಾದರೂ ಬೆಳಕು ಕಂಡರೆ ಗೋಡೆಯ ಅಂಚು ಇನ್ನೂ ಉಜ್ಜಬೇಕು, ಇಲ್ಲವೇ ಚೂರು ಅಂಟಿಸಿ ಎತ್ತರಿಸಬೇಕು.

ತಿರುವು ಜೋರಾಗಿರುವಲ್ಲಿ ಪಟ್ಟಿಯನ್ನು ಬಾಗಿಸಬೇಡಿ, ಆಕಾರಕ್ಕೆ ಕತ್ತರಿಸಿಕೊಳ್ಳಿ. 1.5 ಮಿ.ಮೀ. ದಪ್ಪದ, 80 ಮಿ.ಮೀ. ಅಗಲದ ಹಾಳೆ ಬೇಕು. ಮಾಸ್ಕಿಂಗ್ ಟೇಪನ್ನು ಖಾಲಿ ಜಾಗದ ಮೇಲೆ, ಕೆಳಗಿನ ಹಲಗೆಯ ಅಂಚೂ ಮುಚ್ಚುವ ಹಾಗೆ, ಎಳೆಯದೆ ಹಚ್ಚಿ. ಎಳೆದು ಹಚ್ಚಿದರೆ ಆಕಾರವೇ ಸುಳ್ಳು. ಆ ಅಂಚಿನ ಗುಂಟ ಉಗುರಿನಿಂದ ಗೆರೆ ಎಳೆಯಿರಿ, ಮೇಲಿನ ಅಂಚಿಗೆ ಗೋಡೆಗಳ ಮೇಲಿನ ಪೆನ್ಸಿಲ್ ಗುರುತು ಇಳಿಸಿಕೊಳ್ಳಿ. ಟೇಪ್ ಕಿತ್ತು ಹಾಳೆಗೆ ಅಂಟಿಸಿ, ಗೆರೆಯಿಂದ ಅರ್ಧ ಮಿ.ಮೀ. ಹೊರಗೆ ಕತ್ತರಿಸಿ, ಉಳಿದದ್ದನ್ನು ಉಜ್ಜುತ್ತಾ ಕೂರಿಸಿ. ಕೈಗೆ ಬರೋದು ಕುಡುಗೋಲಿನಂಥ ತುಂಡು. ಮೊದಲ ಸಲ ನೋಡಿದವರಿಗೆ ತಪ್ಪಾಯ್ತೇನೋ ಅನ್ನಿಸುತ್ತೆ. ತಪ್ಪಾಗಿಲ್ಲ. ಡೊಂಕು ತೀರಾ ಹೆಚ್ಚಿದ್ದರೆ ತುದಿಯಲ್ಲಿ ಮರದ ಎಳೆ ಅಡ್ಡ ಬಂದು ಮುರಿಯುತ್ತೆ. ಆಗ ಮೂರನೇ ಗೋಡೆಯ ಮೇಲೆ ಜೋಡು ಕೊಟ್ಟು ಎರಡು ತುಂಡು ಮಾಡಿ, ಪಕ್ಕದ ಹಲಗೆಯ ಜೋಡು ಅದೇ ಗೋಡೆಯ ಮೇಲೆ ಬರದ ಹಾಗೆ ನೋಡಿಕೊಳ್ಳಿ.

ಕೀಲುಗೊಂಬೆ:
ಉಳಿಬಾಚಿಯವರು ಹೇಳಿದ್ದಕ್ಕೆ ನಾಲ್ಕು ಮಾತು ಸೇರಿಸುವೆ.

ಸಂದು ಬಿಟ್ಟಿದ್ದು ಒದ್ದೆ ಪಟ್ಟಿ ಅಂಟಿಸಿದ್ದರಿಂದ. 5 ಮಿ.ಮೀ. ಪಟ್ಟಿ ನೆಂದಾಗ ಅಗಲದಲ್ಲಿ ಕಾಲು ಮಿ.ಮೀ. ಆಸುಪಾಸು ಹಿಗ್ಗುತ್ತೆ. ಒಣಗಿದಾಗ ಅಷ್ಟೂ ವಾಪಸ್. ಹನ್ನೆರಡು ಪಟ್ಟಿಗೆ ಲೆಕ್ಕ ಹಾಕಿ, 3 ಮಿ.ಮೀ.! ನೆನೆಸಿ, ಬಿಸಿ ಕಬ್ಬಿಣದ ಮೇಲೆ ಬಾಗಿಸಿ, ದೋಣಿಯ ಮೇಲೇ ಕ್ಲಿಪ್ ಹಾಕಿ ರಾತ್ರಿಯಿಡೀ ಒಣಗಲು ಬಿಡಿ. ಅಂಟು ಮಾರನೇ ದಿನ.

ಅಮೋನಿಯಾ ಸಹವಾಸ ಬೇಡ. ಮರವನ್ನು ನಿಜಕ್ಕೂ ಮೆದು ಮಾಡೋದು ನೀರಿಲ್ಲದ ಅಮೋನಿಯಾ, ಅದು ಕಾರ್ಖಾನೆಯ ಬಾಬ್ತು. ಬಾಟಲಿಯಲ್ಲಿ ಸಿಗೋದು ಬಹುಪಾಲು ನೀರೇ, ಬಾಗಿಸುವ ಕೆಲಸ ಮಾಡೋದು ಅದರ ಬಿಸಿ. ಜೊತೆಗೆ ಓಕ್‌ನಂಥ ಟ್ಯಾನಿನ್ ಇರುವ ಮರ ಅಮೋನಿಯಾಕ್ಕೆ ಕಪ್ಪಾಗುತ್ತೆ. ಹಳೆಯ ಡಚ್ ದೋಣಿ ಕಟ್ಟುವವರೇ ಹಲಗೆಯ ಒಂದು ಬದಿಗೆ ಬೆಂಕಿ ತೋರಿಸಿ, ಇನ್ನೊಂದು ಬದಿಗೆ ನೀರು ಎರಚಿ ಬಾಗಿಸುತ್ತಿದ್ದರು. ಬೇಕಾದ್ದು ಶಾಖ ಮತ್ತು ತೇವ, ಅಷ್ಟೇ.

ಕೀಲ್ ಬಾಗಿದ್ದು ಒಂದು ಕಡೆ ಐದು, ಇನ್ನೊಂದು ಕಡೆ ಎರಡು ಹಾಕಿದ್ದಕ್ಕೆ. ಒಣಗುವ ಪಟ್ಟಿ ಎಳೆಯುತ್ತೆ. ಎಡಕ್ಕೊಂದು ಬಲಕ್ಕೊಂದು, ಕಡೇವರೆಗೂ. ಬಿಳಿ ಮರದ ಅಂಟಾದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಬ್ರಶ್‌ನಲ್ಲಿ ಹಚ್ಚಿ ಹತ್ತು ನಿಮಿಷ ಬಿಡಿ, ತೆಳು ಚಾಕು ತೂರಿಸಿ ಎಬ್ಬಿಸಿ. ಸೂಪರ್ ಗ್ಲೂ ಆದರೆ ಅಸಿಟೋನ್. ಮೇಲಿನ ಪದರಕ್ಕಂತೂ ಸೂಪರ್ ಗ್ಲೂ ಮುಟ್ಟಬೇಡಿ. ಅದು ಇಳಿದ ಕಡೆ ಬಣ್ಣ ಹಿಡಿಯದೆ ಬಿಳಚಿದ ಮಚ್ಚೆ ಉಳಿಯುತ್ತೆ.

ಪಟ್ಟಿ ತೆಗೆದ ಮೇಲೆ ಕೀಲ್ ತಾನೇ ನೇರಕ್ಕೆ ಬರಬಹುದು. ಬಂದರೂ ಬರದಿದ್ದರೂ ಎರಡು ಅಲ್ಯುಮಿನಿಯಂ ಕೋನದ ಪಟ್ಟಿಗಳ ನಡುವೆ ಬಿಗಿದು, ಗೋಡೆಗಳ ಮಧ್ಯೆ ಬಾಲ್ಸಾ ತುಂಡು ಅಂಟಿಸಿ ಬೀಗ ಹಾಕಿ.

ಎರಡನೇ ಪದರಕ್ಕೂ 5 ಮಿ.ಮೀ. ಪಟ್ಟಿಯೇ ಅಂದುಕೊಂಡಿದ್ದರೆ ಬಿಡಿ. 5 × 24 ಅಂದರೆ 12 ಸೆಂ.ಮೀ. ಅಷ್ಟು ಕಿರಿದಾದ ಹಲಗೆಯಲ್ಲಿ ಯಾರೂ ಬೋಟರ್ ಕಟ್ಟಲಿಲ್ಲ. ಅಗಲದ ಕೆಲವೇ ಹಲಗೆಗಳು, ಅದೇ ಅದರ ಅಂದ. ಹಲಗೆ 30 ಸೆಂ.ಮೀ. ಅಗಲದ್ದಾದರೆ ಮಾದರಿಯಲ್ಲಿ 12.5 ಮಿ.ಮೀ. ನಕ್ಷೆಯಲ್ಲಿ ಹಲಗೆ ಎಣಿಸಿ, ಒಂದೊಂದನ್ನೂ ಟೇಪ್ ವಿಧಾನದಲ್ಲೇ ಕತ್ತರಿಸಿ. ಮರ ಪೇರ್ ಇರಲಿ, 0.8 ಮಿ.ಮೀ. ನಿಜವಾದ ದೋಣಿ ಓಕ್ ಆದರೂ ಓಕ್‌ನ ರಂಧ್ರ 1:24ರಲ್ಲಿ ಬೆರಳು ತೂರಿಸುವಷ್ಟು ದೊಡ್ಡದಾಗಿ ಕಾಣುತ್ತೆ.

ಹಾಯಿಪಟ:
ಎಲ್ಲವನ್ನೂ ಕಿತ್ತಾಯಿತು, ಕೀಲ್ ನೇರ ಬಂದಿದೆ. ಬಾಲ್ಸಾ ತುಂಬುತ್ತಿದ್ದೇನೆ. ಇನ್ನೊಂದು: ಪಕ್ಕದ ರೆಕ್ಕೆಗಳಿಗೆ (ದೋಣಿಯ ಎರಡೂ ಬದಿಗೆ ನೇತುಹಾಕಿ ನೀರಿಗಿಳಿಸುವ ಹಲಗೆಗಳಿಗೆ) 3 ಮಿ.ಮೀ. ಚಪ್ಪಟೆ ತುಂಡು ಸಾಕೇ? ಬೀಸಣಿಗೆ ಆಕಾರ ಮಾಡಲೇ? ಹಾಯಿಗೆ ಟೀ ಡಿಕಾಕ್ಷನ್ ಬಣ್ಣ ಸರಿಯೇ?

ಉಳಿಬಾಚಿ:
ಬೀಸಣಿಗೆ ಬೇಡ. ಅಗಲದ ರೆಕ್ಕೆ ಆಳವಿಲ್ಲದ ಒಳನಾಡು ನೀರಿನ ದೋಣಿಗಳದ್ದು, ಟ್ಯಾಲ್ಕ್‌ನಂಥವು. ಝೈಡರ್‌ಝೇಯ ಬೋಟರ್‌ಗೆ ಉದ್ದನೆಯ, ಕಿರಿದಾದ ರೆಕ್ಕೆ. ಡಚ್ಚರು ಅದನ್ನು ಕತ್ತಿ ಅಂತಲೇ ಕರೆಯೋದು.

ಚಪ್ಪಟೆ ತುಂಡೂ ಅಲ್ಲ. ಗಾಳಿ ಬೀಸಿಬರುವ ಬದಿಯ ರೆಕ್ಕೆ ಮೇಲಿರುತ್ತೆ, ಅದರ ಎದುರು ಬದಿಯದ್ದು ಮಾತ್ರ ನೀರಿಗಿಳಿಯುತ್ತೆ. ಅದು ದೋಣಿಯನ್ನು ಗಾಳಿಯ ಕಡೆಗೆ ಎಳೆದು ಹಿಡಿಯಬೇಕು, ಹಾಗಾಗಿ ಉಬ್ಬು ಒಡಲಿನ ಕಡೆಯ ಮುಖಕ್ಕೆ, ಹೊರಮುಖ ಚಪ್ಪಟೆ. ಮಾದರಿಗಳಲ್ಲಿ ಇದನ್ನು ತಿರುವುಮುರುವು ಮಾಡಿರೋದೇ ಜಾಸ್ತಿ. ಎರಡು ಮೂರು ಹಲಗೆ ಜೋಡಿಸಿ ಮಾಡಿ, ಅಡ್ಡಕ್ಕೆ ಕಬ್ಬಿಣದ ಪಟ್ಟಿಯ ಬದಲು ಕಪ್ಪು ಬಳಿದ ಹಿತ್ತಾಳೆ ಪಟ್ಟಿ. ಇಳಿದ ರೆಕ್ಕೆಗೆ ವೇಲ್ ಆಸರೆ. ಆದ್ದರಿಂದ ಮೊದಲು ವೇಲ್ ಅಂಟಿಸಿ, ಆಮೇಲೆ ರೆಕ್ಕೆಯ ತಲೆಯ ತೂತಿನ ಜಾಗ ಗುರುತಿಸಿ. ಉಲ್ಟಾ ಮಾಡಿದರೆ ರೆಕ್ಕೆ ಕೂರದೆ ಸೊಟ್ಟ ನಿಲ್ಲುತ್ತೆ.

ಹಾಯಿಗೆ ಟೀ ಸಾಲದು, ಹಳದಿ ತಿರುಗುತ್ತೆ. ಕೊಳೆಯದಿರಲೆಂದು ಹಾಯಿಯನ್ನು ಕಾಚಿನಲ್ಲಿ ಅದ್ದುತ್ತಿದ್ದರು, ಕೆಂಪು ಬೆರೆತ ಕಂದು ಬರಬೇಕು. ಹೊಲಿದ ಮೇಲೆ ಅದ್ದಿದರೆ ಹೊಲಿಗೆ ಸುಕ್ಕಾಗುತ್ತೆ, ಬಟ್ಟೆಗೆ ಮೊದಲೇ ಬಣ್ಣ ಹಾಕಿ. ಹಗ್ಗ ಅಸಲಿನಲ್ಲಿ 20 ಮಿ.ಮೀ. ಇದ್ದರೆ ನಿಮಗೆ 0.8ರ ದಾರ.

ಕೀಲುಗೊಂಬೆ:
ಒಡಲಿನ ನಡುವೆ ಮೀನಿನ ತೊಟ್ಟಿ ಬರುತ್ತಲ್ಲ, ಹಿಡಿದ ಮೀನು ಜೀವಂತ ಉಳಿಯಲು ಸಮುದ್ರದ ನೀರು ಒಳಗೆ ಹರಿದಾಡುವಂಥದ್ದು, ಅದರ ತೂತುಗಳನ್ನು ಈಗಲೇ ಗುರುತು ಹಾಕಿಕೊಳ್ಳಿ. ಕೊರೆಯೋದು ಎರಡನೇ ಪದರ ಕೂತ ಮೇಲೆ, 0.6ರ ಬಿಟ್‌ನಲ್ಲಿ, ಹಿಂದುಗಡೆ ಮರದ ಚೂರು ಒತ್ತಿ ಹಿಡಿದು. ಇಲ್ಲದಿದ್ದರೆ ಒಳಬದಿ ಸೀಳುತ್ತೆ. ಮೂತಿಯ ಮೇಲಿನ ನೋಂದಣಿ ಅಕ್ಷರ ಹಾಯಿಯ ಮೇಲೂ ಅದೇ ಇರಲಿ: ಉರ್ಕ್‌ನ ದೋಣಿಗೆ ಯುಕೆ, ಫೋಲೆಂಡಾಮ್‌ಗೆ ವಿಡಿ, ಮಾರ್ಕೆನ್‌ಗೆ ಎಂಕೆ. 1932ರಲ್ಲಿ ಅಣೆಕಟ್ಟು ಕಟ್ಟಿ ಝೈಡರ್‌ಝೇಯನ್ನು ಸಮುದ್ರದಿಂದ ಬೇರ್ಪಡಿಸಿದರು. ಅದಕ್ಕೂ ಹಿಂದಿನ ದೋಣಿ ತೋರಿಸುವುದಾದರೆ ನಕ್ಷೆಯಲ್ಲಿ ಎಂಜಿನ್ನಿನ ಪಂಕ ಇದೆಯೇ ಅಂತ ಒಮ್ಮೆ ನೋಡಿ. ಬಹಳಷ್ಟು ನಕ್ಷೆಗಳು ಆಮೇಲೆ ಎಂಜಿನ್ ಕೂರಿಸಿದ ದೋಣಿಯನ್ನು ಅಳೆದು ಬರೆದವು.